ಸೋತವರೂ ಒಪ್ಪಿದ ಲೆಕ್ಕ

ಚುನಾವಣೆ ಫಲಿತಾಂಶ ಬಂದ ಮಾರನೇ ದಿನ ನಮ್ಮ ಮೈಸೂರಿನ ಯಾವ ಕಾಫಿ ಹೋಟೆಲಿಗೆ ಹೋದರೂ ಒಂದೇ ಮಾತು. ಗೆದ್ದವರಿಗೆ ಮತಯಂತ್ರ ಸರಿ, ಸೋತವರಿಗೆ ಮತಯಂತ್ರ ಮೋಸ. ಮುಂದಿನ ಸಲ ಗೆದ್ದವರು ಸೋತರೆ ಮಾತೂ ಅದಲುಬದಲು! ಈ ಗಲಾಟೆ ನಡುವೆ ಒಬ್ಬ ಬಂಗಾಳಿ ಮಹನೀಯರನ್ನು ನೆನೆಯಬೇಕು. ಹೆಸರು ಸುಕುಮಾರ್ ಸೇನ್. ಭಾರತದ ಮೊಟ್ಟಮೊದಲ ಮುಖ್ಯ ಚುನಾವಣಾ ಆಯುಕ್ತರು.

ಹುಟ್ಟಿದ್ದು 1898ರಲ್ಲಿ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಲಂಡನ್. ಗಣಿತದಲ್ಲಿ ಚಿನ್ನದ ಪದಕ. ಐ.ಸಿ.ಎಸ್. ಸೇರಿ, ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ದುಡಿದು, ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿ ಆದರು. 1950ರ ಮಾರ್ಚ್‌ನಲ್ಲಿ ದೆಹಲಿಯಿಂದ ಕರೆ ಬಂತು. ಪ್ರಧಾನಿ ನೆಹರೂಗೆ ಬೇಗ ಚುನಾವಣೆ ಆಗಬೇಕು. ಸೇನ್ ಸ್ವಲ್ಪ ತಡೀರಿ ಅಂದರು.

ಯಾಕೆ ಅಂತೀರಾ? ಸುಮಾರು 17 ಕೋಟಿ ಮತದಾರರು. 100ಕ್ಕೆ 80ಕ್ಕೂ ಹೆಚ್ಚು ಜನಕ್ಕೆ ಅಕ್ಷರ ಬಾರದು. ಒಂದು ಕಡೆ ತೆಲಂಗಾಣದಲ್ಲಿ ಬಂದೂಕು ಹಿಡಿದ ಕಮ್ಯುನಿಸ್ಟರು. ಇನ್ನೊಂದು ಕಡೆ ಹಿಂದೂ ಮಹಾಸಭೆ, ರಾಮರಾಜ್ಯ ಪರಿಷತ್ತು. ಇವರೆಲ್ಲ ಒಪ್ಪುವಂಥ ಚುನಾವಣೆ ನಡೆಸೋದು ಹುಡುಗಾಟವೇ?

ಸೇನ್ ಸುಲಭದ ದಾರಿ ಹಿಡಿದರು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಚೀಟಿ ಒಳಗೆ ಹಾಕಿದರೆ ಮುಗೀತು. ಕಳ್ಳವೋಟಿಗೆ ತಡೆಯಾಗಿ ಬೆರಳಿಗೆ ಅಳಿಸಲಾಗದ ಶಾಯಿ. ಸುಮಾರು 20 ಲಕ್ಷ ಉಕ್ಕಿನ ಪೆಟ್ಟಿಗೆ ತಯಾರಾದವು.

ಪಟ್ಟಿಯಲ್ಲಿ ಮಾತ್ರ ಒಂದು ತೊಡಕು. ಅನೇಕ ಹೆಣ್ಣುಮಕ್ಕಳು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರು. ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಸರು ಪಟ್ಟಿಯಿಂದ ಹೋದವು. ಅಷ್ಟೂ ಜನರ ವೋಟು ಆ ಸಲ ಹೋಯಿತು ಅನ್ನೋದನ್ನೂ ಮರೆಯಬಾರದು.

1951ರ ಅಕ್ಟೋಬರ್‌ನಲ್ಲಿ ಶುರುವಾದ ಮತದಾನ 1952ರ ಫೆಬ್ರವರಿಗೆ ಮುಗಿಯಿತು. ಕಾಂಗ್ರೆಸ್ಸಿಗೆ 489ರಲ್ಲಿ 364 ಸ್ಥಾನ. ಆದರೆ ನಲ್ಗೊಂಡದಲ್ಲಿ ಕಮ್ಯುನಿಸ್ಟ್ ನಾಯಕ ರಾವಿ ನಾರಾಯಣ ರೆಡ್ಡಿ ನೆಹರೂಗಿಂತ ಹೆಚ್ಚು ವೋಟು ಪಡೆದರು. ಮುಂಬಯಿಯಲ್ಲಿ ಅಂಬೇಡ್ಕರ್ ಸೋತರು. ಅಲ್ಲಿ 74 ಸಾವಿರಕ್ಕೂ ಹೆಚ್ಚು ಮತ ತಿರಸ್ಕೃತವಾಗಿದ್ದವು. ಅವರು ಬೀದಿಗಿಳಿಯಲಿಲ್ಲ, ಅನುಮಾನವನ್ನು ಚುನಾವಣಾ ನ್ಯಾಯಮಂಡಳಿಗೆ ಒಯ್ದರು. ಅರ್ಜಿ ವಜಾ ಆಯಿತು. ಆದರೆ ಕೇಳುವ ಬಾಗಿಲು ತೆರೆದಿತ್ತು.

1953ರಲ್ಲಿ ಸೇನ್‌ಗೆ ಸುಡಾನಿನಿಂದ ಕರೆ. ಅಲ್ಲಿ ಬ್ರಿಟಿಷರಿಗೆ ಈಜಿಪ್ಟಿನವರ ಮೇಲೆ ನಂಬಿಕೆ ಇಲ್ಲ, ಅವರಿಗೆ ಇವರ ಮೇಲೆ ಇಲ್ಲ. ಚುನಾವಣಾ ಆಯೋಗಕ್ಕೆ ಭಾರತದ ಸೇನ್ ಅಧ್ಯಕ್ಷರು. ಬ್ರಿಟಿಷರಿಗೆ ಬೇಡವಾದ ಪಕ್ಷವೇ ಗೆದ್ದಿತು, ಸರ್ಕಾರವನ್ನೂ ರಚಿಸಿತು.

1957ರಲ್ಲಿ ಎರಡನೇ ಮಹಾಚುನಾವಣೆ. ಸೇನ್ ಹಳೇ ಪೆಟ್ಟಿಗೆಗಳನ್ನು ಜೋಪಾನ ಮಾಡಿಟ್ಟಿದ್ದರಿಂದ ಖರ್ಚು ಉಳಿಯಿತು. ಆ ಸಲ ಕೇರಳದಲ್ಲಿ ಕಮ್ಯುನಿಸ್ಟರು ಪೆಟ್ಟಿಗೆಯ ದಾರಿಯಲ್ಲೇ ಅಧಿಕಾರಕ್ಕೆ ಬಂದರು. 1958ರ ಡಿಸೆಂಬರ್‌ನಲ್ಲಿ ಸೇನ್ ನಿವೃತ್ತರಾದರು. 1960ರಲ್ಲಿ ಬರ್ದ್ವಾನ್ ವಿಶ್ವವಿದ್ಯಾಲಯದ ಮೊದಲ ಕುಲಪತಿ. ಕೆಲವೇ ವರ್ಷಗಳಲ್ಲಿ ತೀರಿಕೊಂಡರು.

1962ರಿಂದ ಆ ಶಾಯಿ ತಯಾರಾಗಿದ್ದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ. ಬೆರಳಿನ ಕಲೆ ಕೆಲವೇ ವಾರದಲ್ಲಿ ಮಾಸುತ್ತೆ. ನಂಬಿಕೆ ಮಾಸಿದರೆ ಮತ್ತೆ ಹಚ್ಚೋ ಶಾಯಿ ಯಾವ ಕಾರ್ಖಾನೆಯಲ್ಲೂ ಸಿಗೋದಿಲ್ಲ. ಅನುಮಾನ ಬಂದರೆ ಕೇಳಲೇಬೇಕು, ಕೇಳಿದವರಿಗೆ ಲೆಕ್ಕ ತೋರಿಸಲೇಬೇಕು. ಸೋತಾಗ ಮಾತ್ರ ಕೇಳೋದು, ಗೆದ್ದಾಗ ಬಾಯಿ ಮುಚ್ಚೋದು ಯಾವ ನ್ಯಾಯ?