ಕೆಸರು, ಗೋಂದು ಮತ್ತು ಭಟ್ನಾಗರ್

ನಮ್ಮಲ್ಲಿ ಬಹಳಷ್ಟು ಜನಕ್ಕೆ ಭಟ್ನಾಗರ್ ಅಂದ್ರೆ ಒಂದು ಪ್ರಶಸ್ತಿ, ಅಷ್ಟೇ. ಬೆಂಗಳೂರಿನ ಯಾರೋ ವಿಜ್ಞಾನಿಗೆ ಭಟ್ನಾಗರ್ ಬಂತು ಅಂತ ಪೇಪರ್‌ನಲ್ಲಿ ಓದ್ತೀವಿ, ಪುಟ ತಿರುಗಿಸ್ತೀವಿ. ಆ ಹೆಸರಿನ ಮನುಷ್ಯ ಒಬ್ಬ ಫಿಸಿಕಲ್ ಕೆಮಿಸ್ಟ್ರಿ ಮೇಷ್ಟ್ರು, ಎಣ್ಣೆ ಬಾವಿಯ ಕೆಸರಿಗೆ ಗೋಂದು ಬೆರೆಸಿ ಒಂದು ಕಂಪನಿಯ ಕೆಲಸ ಉಳಿಸಿಕೊಟ್ಟವರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ನಾವು ಇಂಟರ್ನಲ್ಸ್‌ಗೆ ಮಾಡುವ ಪ್ರಾಬ್ಲಮ್‌ಗಳಲ್ಲಿ ಟೆಂಪರೇಚರ್ ಕೊಟ್ಟಿರ್ತಾರೆ, ಪ್ರೆಶರ್ ಕೊಟ್ಟಿರ್ತಾರೆ, ಗ್ಯಾಸ್ ಐಡಿಯಲ್ ಅಂತ ಅಂದುಕೊಳ್ಳಿ ಅಂತ ಬೇರೆ ಹೇಳಿರ್ತಾರೆ. ಯಾವ ಚಾಪ್ಟರಿನ ಪ್ರಾಬ್ಲಮ್ ಅಂತಲೂ ಮೊದಲೇ ಗೊತ್ತಿರುತ್ತೆ. ಶಾಂತಿ ಸ್ವರೂಪ್ ಭಟ್ನಾಗರ್ ಅವರ ಬಾಗಿಲಿಗೆ ಬರುತ್ತಿದ್ದ ಪ್ರಾಬ್ಲಮ್‌ಗಳಲ್ಲಿ ಇದ್ಯಾವುದೂ ಇರುತ್ತಿರಲಿಲ್ಲ. ಇದು ಕೆಟ್ಟಿದೆ, ಸರಿ ಮಾಡಿಕೊಡಿ ಅಂತ ಬರುತ್ತಿದ್ದರು. ಯಾವ ಚಾಪ್ಟರ್ ಅಂತ ಕಂಡುಹಿಡಿಯುವುದೇ ಅರ್ಧ ಕೆಲಸ.

ಅವರು ಹುಟ್ಟಿದ್ದು 1894ರ ಫೆಬ್ರವರಿ 21ರಂದು, ಪಂಜಾಬಿನ ಭೇರಾ ಎಂಬ ಊರಿನಲ್ಲಿ. ಈಗ ಅದು ಪಾಕಿಸ್ತಾನದಲ್ಲಿದೆ. ಎಂಟು ತಿಂಗಳ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತವರಾದ ಸಿಕಂದರಾಬಾದಿನಲ್ಲಿ ಬೆಳೆದರು (ಹೈದರಾಬಾದ್ ಪಕ್ಕದ್ದಲ್ಲ, ಉತ್ತರ ಪ್ರದೇಶದ್ದು). ಅಜ್ಜ ಎಂಜಿನಿಯರ್. ಆ ಮನೆಯಲ್ಲಿ ಹುಡುಗ ಬ್ಯಾಟರಿ ಮಾಡುವುದು, ದಾರ ಕಟ್ಟಿ ಟೆಲಿಫೋನ್ ಮಾಡುವುದು ಇಂಥದ್ದರಲ್ಲೇ ಮುಳುಗಿರುತ್ತಿದ್ದ. 1911ರಲ್ಲಿ ಲಾಹೋರಿನ ದಯಾಳ್ ಸಿಂಗ್ ಕಾಲೇಜಿಗೆ ಸೇರಿದ ಮೇಲೆ ನಾಟಕದ ಹುಚ್ಚೂ ಹತ್ತಿತು. ಉರ್ದುವಿನಲ್ಲಿ ಒಂದು ಏಕಾಂಕ ನಾಟಕವನ್ನೇ ಬರೆದರು. ಆಮೇಲೆ ಫೋರ್ಮನ್ ಕ್ರಿಶ್ಚಿಯನ್ ಕಾಲೇಜು, ಅಲ್ಲಿಂದ 1916ರಲ್ಲಿ ಬಿ.ಎಸ್ಸಿ, 1919ರಲ್ಲಿ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ.

ಸ್ಕಾಲರ್‌ಶಿಪ್ ಸಿಕ್ಕಿದ್ದು ಅಮೆರಿಕಕ್ಕೆ ಹೋಗಲು. ಇಂಗ್ಲೆಂಡ್ ತನಕ ಹೋದರು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಹಡಗುಗಳೆಲ್ಲ ಊರಿಗೆ ಹೊರಟಿದ್ದ ಅಮೆರಿಕನ್ ಸೈನಿಕರಿಗೇ ಮೀಸಲು. ಸೀಟು ಸಿಗಲಿಲ್ಲ. ಸರಿ, ಲಂಡನ್ನಿನಲ್ಲೇ ಓದುತ್ತೀನಿ ಅಂತ ಯೂನಿವರ್ಸಿಟಿ ಕಾಲೇಜಿಗೆ ಹೋಗಿ ಫ್ರೆಡರಿಕ್ ಡೋನನ್ ಅವರ ಹತ್ತಿರ ಸೇರಿಕೊಂಡರು. ಹಡಗು ತಪ್ಪಿದ್ದು ಒಳ್ಳೆಯದೇ ಆಯ್ತು ಅಂತ ನನಗನ್ನಿಸುತ್ತೆ. ಬಯೋಟೆಕ್ ಬ್ರಾಂಚಿನವರಿಗೆ ಡೋನನ್ ಈಕ್ವಿಲಿಬ್ರಿಯಮ್ ಗೊತ್ತಿರುತ್ತೆ, ಆ ಡೋನನ್ ಇವರೇ. ಎರಡು ದ್ರವಗಳು ಮುಟ್ಟುವ ಗಡಿಯಲ್ಲಿ ಏನಾಗುತ್ತೆ, ಎಣ್ಣೆ ನೀರಿನೊಳಗೆ ಹನಿಹನಿಯಾಗಿ ಹೇಗೆ ನಿಲ್ಲುತ್ತೆ ಅನ್ನೋದರಲ್ಲಿ ಅವರು ಪಳಗಿದ ಕೈ. ಭಟ್ನಾಗರ್ ಕೂಡ ಆ ದಾರಿಯನ್ನೇ ಹಿಡಿದರು. ಕೊಬ್ಬಿನ ಆಮ್ಲಗಳ ಲವಣಗಳು ಎಣ್ಣೆಯಲ್ಲಿ ಎಷ್ಟು ಕರಗುತ್ತವೆ, ಎಣ್ಣೆಯ ಸರ್ಫೇಸ್ ಟೆನ್ಶನ್ ಅದರಿಂದ ಹೇಗೆ ಬದಲಾಗುತ್ತೆ ಅಂತ ಅಳೆದು 1921ರಲ್ಲಿ ಡಿ.ಎಸ್ಸಿ ಪಡೆದರು.

ಅದೇ ವರ್ಷ ವಾಪಸ್ ಬಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಮೂರು ವರ್ಷ ಇದ್ದರು, ಆ ವಿಶ್ವವಿದ್ಯಾಲಯಕ್ಕೆ ಹಿಂದಿಯಲ್ಲಿ ಕುಲಗೀತೆ ಬರೆದುಕೊಟ್ಟರು. ಅಲ್ಲಿ ಇವತ್ತಿಗೂ ಹಾಡುವುದು ಅದನ್ನೇ. ಕನ್ನಡ ಸಂಘಕ್ಕೆ ಸೇರಿದರೆ ಲ್ಯಾಬ್ ರೆಕಾರ್ಡ್ ಯಾರು ಬರೀತಾರೆ ಅಂತ ಕೇಳುವ ಗೆಳೆಯರು ಇದನ್ನೊಂದು ನೆನಪಿಟ್ಟುಕೊಳ್ಳಬಹುದು.

1924ರಲ್ಲಿ ಲಾಹೋರಿಗೆ ಮರಳಿದರು, ಪಂಜಾಬ್ ವಿಶ್ವವಿದ್ಯಾಲಯದ ಫಿಸಿಕಲ್ ಕೆಮಿಸ್ಟ್ರಿ ಪ್ರೊಫೆಸರ್ ಆಗಿ. ಅವರ ಬದುಕಿನ ಅತ್ಯುತ್ತಮ ಕೆಲಸ ನಡೆದದ್ದು ಇಲ್ಲಿ. ಕೈಗಾರಿಕೆಯ ಮೊದಲ ಪ್ರಾಬ್ಲಮ್ ತಂದವರು ಸರ್ ಗಂಗಾ ರಾಮ್. ಕಬ್ಬಿನ ಸಿಪ್ಪೆಯನ್ನು ದನದ ಮೇವಿನ ಹಿಂಡಿ ಮಾಡಬಹುದಾ ಅನ್ನೋದು ಪ್ರಶ್ನೆ. ಅದನ್ನು ಮಾಡಿಕೊಟ್ಟರು. ದೆಹಲಿಯ ಬಟ್ಟೆ ಗಿರಣಿ, ಕಾನ್ಪುರದ ಗಿರಣಿ, ಟಾಟಾ ಆಯಿಲ್ ಮಿಲ್ಸ್ ಹೀಗೆ ಒಬ್ಬೊಬ್ಬರಾಗಿ ಬರತೊಡಗಿದರು. ಇವೆಲ್ಲ ಇರಲಿ, ನಾನು ಹೇಳಬೇಕಾದ್ದು ಕೆಸರಿನ ಕಥೆ.

ಎಣ್ಣೆ ಬಾವಿ ಕೊರೆಯುವಾಗ ಬರೀ ಡ್ರಿಲ್ ತಿರುಗಿಸಿದರೆ ಆಗಲ್ಲ. ಪೈಪಿನ ಒಳಗಿಂದ ಜೇಡಿಮಣ್ಣಿನ ಕೆಸರನ್ನು ಪಂಪ್ ಮಾಡಿ ಕೆಳಗೆ ಕಳಿಸುತ್ತಾರೆ. ಅದು ಬಿಟ್‌ನ ಹತ್ತಿರ ಹೊರಗೆ ಬಂದು, ಅದನ್ನು ತಂಪು ಮಾಡಿ, ಪುಡಿಯಾದ ಕಲ್ಲನ್ನು ಹೊತ್ತುಕೊಂಡು ಪೈಪಿನ ಹೊರಬದಿಯಿಂದ ಮೇಲೆ ಬರುತ್ತೆ. ಕೆಳಗಿನ ಗ್ಯಾಸು, ಎಣ್ಣೆ ಒಮ್ಮೆಲೇ ಚಿಮ್ಮದ ಹಾಗೆ ತನ್ನ ಭಾರದಿಂದ ಒತ್ತಿ ಹಿಡಿಯುವುದೂ ಅದೇ ಕೆಸರು. ಹಾಗಾಗಿ ಕೆಸರು ಹರಿಯುತ್ತಲೇ ಇರಬೇಕು. ನಿಂತರೆ ಕೆಲಸ ನಿಂತ ಹಾಗೆ.

ರಾವಲ್ಪಿಂಡಿಯ ಕಡೆ ಅಟಕ್ ಆಯಿಲ್ ಕಂಪನಿ ಕೊರೆಯುತ್ತಿದ್ದ ಜಾಗದಲ್ಲಿ ನೆಲದೊಳಗೆ ಉಪ್ಪಿನ ನಿಕ್ಷೇಪ ಇತ್ತು. ಕೆಸರು ಉಪ್ಪಿಗೆ ತಾಗಿದ ಕೂಡಲೇ ಗಟ್ಟಿಯಾಗುತ್ತಿತ್ತು. ಮುಂದೆ ಕೊರೆಯಲು ಸಾಧ್ಯವೇ ಇಲ್ಲದಷ್ಟು ಗಟ್ಟಿ. ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯರನ್ನು ಕೇಳಿದ್ದರೆ ಇನ್ನೂ ದೊಡ್ಡ ಪಂಪ್ ಹಾಕಿ ಅನ್ನುತ್ತಿದ್ದರೇನೋ (ಬೇಜಾರಾಗಬೇಡಿ). ಭಟ್ನಾಗರ್ ನೋಡಿದ್ದು ಬೇರೆ ಥರ. ಇದು ಪಂಪಿನ ಪ್ರಾಬ್ಲಮ್ ಅಲ್ಲ, ಕೊಲಾಯ್ಡ್ ಪ್ರಾಬ್ಲಮ್.

ಪಿಯುಸಿಯ ಸರ್ಫೇಸ್ ಕೆಮಿಸ್ಟ್ರಿ ಚಾಪ್ಟರ್ ನೆನಪು ಮಾಡಿಕೊಳ್ಳಿ. ಜೇಡಿಮಣ್ಣಿನ ಕಣಗಳ ಮೈಮೇಲೆ ನೆಗೆಟಿವ್ ಚಾರ್ಜ್ ಇರುತ್ತೆ. ಒಂದೇ ಚಾರ್ಜ್ ಆದ್ದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಕೆಸರು ಸಡಿಲವಾಗಿ ಹರಿಯುತ್ತೆ. ನೀರಿಗೆ ಉಪ್ಪು ಬಂತು ಅಂದ್ರೆ ಅದರ ಪಾಸಿಟಿವ್ ಅಯಾನುಗಳು ಕಣಗಳ ಸುತ್ತ ಬಂದು ಮುತ್ತಿಕೊಂಡು ಆ ಚಾರ್ಜನ್ನು ಮರೆಮಾಡುತ್ತವೆ. ತಳ್ಳಾಟ ನಿಂತಿತು, ಕಣಗಳು ಒಂದಕ್ಕೊಂದು ಅಂಟಿಕೊಂಡವು. ಹಾಲಿಗೆ ನಿಂಬೆ ಹುಳಿ ಹಿಂಡಿದರೆ ಹಾಲು ಒಡೆಯುವುದು, ನದಿ ಸಮುದ್ರ ಸೇರುವ ಕಡೆ ಹೂಳು ಕೂರುವುದು, ಎಲ್ಲ ಇದೇ ಜಾತಿಯ ಆಟ. ಪರೀಕ್ಷೆಯಲ್ಲಿ ಇದನ್ನು ಕೊಯಾಗ್ಯುಲೇಶನ್ ಅಂತ ಎರಡು ಮಾರ್ಕಿಗೆ ಬರೆದು ಮರೆತಿದ್ದೀವಿ.

ನೆಲದೊಳಗಿನ ಉಪ್ಪನ್ನು ತೆಗೆಯೋಕಾಗಲ್ಲ. ಕಣಗಳನ್ನು ಉಪ್ಪಿನಿಂದ ಕಾಪಾಡಬೇಕು, ಅಷ್ಟೇ ಉಳಿದ ದಾರಿ. ಅದಕ್ಕೆ ಭಟ್ನಾಗರ್ ನಮ್ಮ ದೇಶದ್ದೇ ಒಂದು ಗೋಂದನ್ನು ಹಿಡಿದರು. ಗೋಂದಿನ ಉದ್ದುದ್ದ ಅಣುಗಳು ಕಣದ ಮೈಗೆ ಹೊದಿಕೆಯ ಥರ ಕೂತುಬಿಟ್ಟರೆ ಉಪ್ಪು ಬಂದರೂ ಕಣಗಳು ಸುಲಭವಾಗಿ ಅಂಟಿಕೊಳ್ಳಲ್ಲ. ಪುಸ್ತಕದಲ್ಲಿ ಪ್ರೊಟೆಕ್ಟಿವ್ ಕೊಲಾಯ್ಡ್ ಅಂತ ಬರುತ್ತಲ್ಲ, ಅದೇ. ಆದರೆ ಒಂದು ತಕರಾರಿದೆ. ಸಾಮಾನ್ಯವಾಗಿ ನೀರಿಗೆ ಗೋಂದು ಹಾಕಿದರೆ ಮಂದ ಆಗುತ್ತೆ, ಇಲ್ಲಿ ಬೇಕಾಗಿದ್ದದ್ದು ತೆಳುವಾಗಬೇಕು ಅಂತ. ಅವರು ಆರಿಸಿದ ಗೋಂದು ಎರಡನ್ನೂ ಒಟ್ಟಿಗೆ ಮಾಡಿತು. ಕೆಸರಿನ ವಿಸ್ಕಾಸಿಟಿ ಇಳಿಯಿತು, ಉಪ್ಪನ್ನು ತಡೆದುಕೊಳ್ಳುವ ಶಕ್ತಿ ಏರಿತು. ಹೊಸ ಮಿಷಿನ್ ಇಲ್ಲ, ಬಾವಿಯ ಜಾಗ ಬದಲಾಯಿಸಲಿಲ್ಲ. ಲಂಡನ್ನಿನಲ್ಲಿ ಎಣ್ಣೆ ಹನಿಗಳ ಮೈ ಓದಿದ್ದ ಮನುಷ್ಯನಿಗೆ ಮಣ್ಣಿನ ಕಣದ ಮೈ ಓದುವುದು ಕಷ್ಟವಾಗಲಿಲ್ಲ.

ಕಂಪನಿಯ ಕಡೆಯ ಲಂಡನ್ನಿನ ಸ್ಟೀಲ್ ಬ್ರದರ್ಸ್‌ನವರಿಗೆ ಎಷ್ಟು ಖುಷಿಯಾಯಿತು ಅಂದ್ರೆ ಪೆಟ್ರೋಲಿಯಂಗೆ ಸಂಬಂಧಪಟ್ಟ ಸಂಶೋಧನೆ ಮಾಡಿ ಅಂತ ಭಟ್ನಾಗರ್ ಅವರಿಗೆ 1,50,000 ರೂಪಾಯಿ ಕೊಡಲು ಮುಂದೆ ಬಂದರು. ಆ ಕಾಲದ ಒಂದೂವರೆ ಲಕ್ಷ! ಅವರು ಅದನ್ನು ತಮ್ಮ ಕೈಗೆ ತೆಗೆದುಕೊಳ್ಳದೆ ವಿಶ್ವವಿದ್ಯಾಲಯಕ್ಕೆ ಕೊಡಿಸಿದರು. ಆ ಹಣದಲ್ಲಿ ಪೆಟ್ರೋಲಿಯಂ ಸಂಶೋಧನಾ ವಿಭಾಗ ಶುರುವಾಯಿತು. ಮೇಣದ ವಾಸನೆ ತೆಗೆಯುವುದು, ಸೀಮೆಎಣ್ಣೆ ದೀಪದ ಜ್ವಾಲೆ ಎತ್ತರವಾಗಿ ಉರಿಯುವಂತೆ ಮಾಡುವುದು, ತುಕ್ಕು ತಡೆಯುವುದು ಇಂಥ ಕೆಲಸಗಳನ್ನು ಅಲ್ಲಿ ಹುಡುಗರು ಮಾಡಿದರು. ಕಂಪನಿ ಆಮೇಲೆ ಹಣವನ್ನೂ ಹೆಚ್ಚಿಸಿತು, ಐದು ವರ್ಷದ ಅವಧಿಯನ್ನು ಹತ್ತು ಮಾಡಿತು. 1934ರಲ್ಲಿ ಮೇಘನಾದ ಸಾಹಾ ಅವರು ಪತ್ರ ಬರೆದು, ಜನರ ಕಣ್ಣಲ್ಲಿ ಪಾಠ ಹೇಳುವವರ ಗೌರವವನ್ನೇ ನೀವು ಹೆಚ್ಚಿಸಿದಿರಿ ಎಂಬ ಅರ್ಥದಲ್ಲಿ ಅಭಿನಂದಿಸಿದರು.

ಬರೀ ಕಂಪನಿಗಳ ಕೆಲಸವೇ ಮಾಡುತ್ತಿದ್ದರು ಅಂತಲ್ಲ. 1928ರಲ್ಲಿ ಕೆ.ಎನ್. ಮಾಥುರ್ ಜೊತೆ ಸೇರಿ ವಸ್ತುಗಳ ಕಾಂತೀಯ ಗುಣವನ್ನು ತುಂಬ ಸೂಕ್ಷ್ಮವಾಗಿ ಅಳೆಯುವ ತಕ್ಕಡಿ ಮಾಡಿದರು, ಲಂಡನ್ನಿನ ಆಡಂ ಹಿಲ್ಗರ್ ಕಂಪನಿ ಅದನ್ನು ತಯಾರಿಸಿ ಮಾರಿತು. 1935ರಲ್ಲಿ ಮ್ಯಾಗ್ನೆಟೋಕೆಮಿಸ್ಟ್ರಿ ಬಗ್ಗೆ ಪುಸ್ತಕ ಬಂತು. 1943ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂದು ಅವರ ದಾರಿ ಬದಲಾಗಿತ್ತು. 1940ರಲ್ಲಿ ಸರ್ಕಾರ ಕೈಗಾರಿಕಾ ಸಂಶೋಧನೆಗೆ ಒಂದು ಮಂಡಳಿ ಮಾಡಿ ಇವರನ್ನು ಕರೆಯಿತು. ಲಾಹೋರ್ ಬಿಟ್ಟು ಕಲ್ಕತ್ತಾದ ಆಲಿಪುರಕ್ಕೆ ಹೋದರು. 1942ರ ಸೆಪ್ಟೆಂಬರ್ 26ರಂದು ಸಿಎಸ್‌ಐಆರ್ ಹುಟ್ಟಿತು. ವಿಮಾನದಿಂದ ಎಸೆದರೂ ಒಡೆಯದ ಡಬ್ಬಿ, ವಿಷಾನಿಲ ತಡೆಯುವ ಬಟ್ಟೆ, ಸೈನಿಕರ ಬೂಟು ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆ, ಯುದ್ಧಕ್ಕೆ ಬೇಕಾದ್ದೆಲ್ಲ ತಯಾರಾಯಿತು. 1946ರಲ್ಲಿ ಹೆಂಡತಿ ಲಾಜವಂತಿ ತೀರಿಕೊಂಡರು. ಮರುವರ್ಷ ದೇಶ ಎರಡಾಯಿತು. ಆ ಪೆಟ್ರೋಲಿಯಂ ವಿಭಾಗ, ಲಾಹೋರಿನ ಲ್ಯಾಬು ಗಡಿಯ ಆಚೆ ಉಳಿದವು.

ಆಮೇಲಿನದ್ದು ಎಲ್ಲರಿಗೂ ಸ್ವಲ್ಪ ಗೊತ್ತಿರುವ ಕಥೆ. ನೆಹರೂ ಬೆಂಬಲದಿಂದ ಒಂದರ ಹಿಂದೆ ಒಂದು ರಾಷ್ಟ್ರೀಯ ಪ್ರಯೋಗಾಲಯಗಳು ಎದ್ದವು. 1950ರ ಜನವರಿ ಒಂದೇ ತಿಂಗಳಲ್ಲಿ ಪುಣೆಯಲ್ಲಿ ಕೆಮಿಕಲ್ ಲ್ಯಾಬ್, ದೆಹಲಿಯಲ್ಲಿ ಫಿಸಿಕಲ್ ಲ್ಯಾಬ್. ಅಕ್ಟೋಬರ್‌ನಲ್ಲಿ ನಮ್ಮ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ. ಮೈಸೂರಿಗೆ ಹೋದಾಗ ಒಂಟಿಕೊಪ್ಪಲು ಕಡೆಯಿಂದ ನೋಡಿರ್ತೀರಿ. ಎಮ್ಮೆ ಹಾಲಿನಿಂದ ಮಕ್ಕಳಿಗೆ ಹಾಲಿನ ಪುಡಿ ಮಾಡುವ ವಿಧಾನ ಮುಂದೆ ಬಂದದ್ದು ಅಲ್ಲಿಂದಲೇ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಇಷ್ಟು ಬೇಗ ಇಷ್ಟೊಂದು ಕಟ್ಟಡ ಏಳುವುದಕ್ಕೆ ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಅವರು ತಮ್ಮ ರಾಮನ್ ಎಫೆಕ್ಟ್ ಧಾಟಿಯಲ್ಲೇ, ನೆಹರೂ ಹೆಸರಿನ ಜೊತೆ ಭಟ್ನಾಗರ್ ಹೆಸರು ಸೇರಿಸಿ, ಒಂದು ಹೆಸರಿಟ್ಟು ಗೇಲಿ ಮಾಡಿದ್ದರು. ಗೇಲಿಯ ಹಿಂದೆ ಒಂದು ನಿಜವಾದ ಪ್ರಶ್ನೆ ಇದೆ ಅಂತ ನನಗನ್ನಿಸುತ್ತೆ. ಕೆಸರಿನ ಪ್ರಾಬ್ಲಮ್ ಬಂದದ್ದು ಒಂದು ವಿಶ್ವವಿದ್ಯಾಲಯಕ್ಕೆ. ಪಾಠ ಮಾಡುವ ಮೇಷ್ಟ್ರೇ ಬಿಡಿಸಿದರು, ಅದರ ಹಣದಿಂದ ವಿದ್ಯಾರ್ಥಿಗಳು ಕಲಿತರು. ಹೊಸ ಪ್ರಯೋಗಾಲಯಗಳಲ್ಲಿ ಕ್ಲಾಸ್‌ರೂಮ್ ಇರಲಿಲ್ಲ. ಒಳ್ಳೆಯ ಉಪಕರಣ, ಒಳ್ಳೆಯ ಜನ, ಕೈಗಾರಿಕೆಯ ಪ್ರಶ್ನೆಗಳು ಅಲ್ಲಿಗೆ ಹೋದವು, ನಮ್ಮಂಥವರ ಪಾಲಿಗೆ ಕೊಟ್ಟಿರುವ ಟೆಂಪರೇಚರು, ಕೊಟ್ಟಿರುವ ಪ್ರೆಶರು ಉಳಿಯಿತು. ಇದಕ್ಕೆಲ್ಲ ಅವರೊಬ್ಬರೇ ಕಾರಣ ಅನ್ನುವುದು ಅನ್ಯಾಯ. ಬಡ ದೇಶ, ಬೇಗ ಆಗಬೇಕಾದ ಕೆಲಸ, ವಿಶ್ವವಿದ್ಯಾಲಯಗಳು ಒಂದೊಂದು ಒಂದೊಂದು ಸ್ಥಿತಿಯಲ್ಲಿ. ಆದರೂ ಲಾಹೋರಿನಲ್ಲಿ ತಾವೇ ಮಾಡಿ ತೋರಿಸಿದ್ದನ್ನು ಅವರು ದೊಡ್ಡದಾಗಿ ಕಟ್ಟುವಾಗ ಬಿಟ್ಟರು ಅನ್ನೋದು ನನಗೆ ಆಶ್ಚರ್ಯವೇ.

ಎಣ್ಣೆ ಮಾತ್ರ ಅವರನ್ನು ಬಿಡಲಿಲ್ಲ. 1951ರ ಹೊತ್ತಿಗೆ ಭಾರತದಲ್ಲಿ ರಿಫೈನರಿ ಹಾಕಿಸಲು ವಿದೇಶಿ ಎಣ್ಣೆ ಕಂಪನಿಗಳ ಜೊತೆ ನಡೆದ ಮಾತುಕತೆಯಲ್ಲಿ ಅವರ ಪಾತ್ರ ದೊಡ್ಡದು. ಒಂದು ಕಾಲದಲ್ಲಿ ಅಂಥ ಕಂಪನಿಯ ಕೆಸರು ಸರಿ ಮಾಡಿಕೊಟ್ಟವರು ಈಗ ಮೇಜಿನ ಈಚೆ, ದೇಶದ ಪರವಾಗಿ ಕೂತಿದ್ದರು.

1953ರ ಡಿಸೆಂಬರ್ 28ರಂದು ವಿಶ್ವವಿದ್ಯಾಲಯಗಳಿಗೆ ಹಣ ಹಂಚಲು ಯುಜಿಸಿ ಶುರುವಾಯಿತು, ಅದರ ಮೊದಲ ಅಧ್ಯಕ್ಷರು ಭಟ್ನಾಗರ್. ಕೊನೆಗೂ ವಿಶ್ವವಿದ್ಯಾಲಯದ ಕಡೆ ತಿರುಗಿದ್ದರು. ಸಿಕ್ಕಿದ್ದು ಒಂದೇ ವರ್ಷ. 1955ರ ಜನವರಿ 1ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 60 ವರ್ಷ. ಯುಜಿಸಿಗೆ ಕಾಯ್ದೆಯ ಬಲ ಬಂದದ್ದು ಮರುವರ್ಷ, 1956ರಲ್ಲಿ.