ತೆರೆಯ ಹಿಂದಿನ ಸ್ವರಶಿಲ್ಪಿ: ಬರ್ನಾರ್ಡ್ ಹರ್ಮನ್

ಚಲಚ್ಚಿತ್ರವನ್ನು ನೋಡಿದೆವು ಎನ್ನುವುದು ನಮ್ಮ ವಾಡಿಕೆ. ಕೇಳಿದೆವು ಎಂದು ಯಾರೂ ಹೇಳುವುದಿಲ್ಲ. ನಾನೂ ಹಾಗೆಯೇ ತಿಳಿದಿದ್ದೆನು. ಕಳೆದ ವರ್ಷ ‘ಸೈಕೋ’ ಚಿತ್ರದಲ್ಲಿ ಸ್ನಾನದ ಮನೆಯ ಕೊಲೆಯ ದೃಶ್ಯ ಬಂದಾಗ ಹೆದರಿ ಕಣ್ಣು ಮುಚ್ಚಿಕೊಂಡೆನು. ಭಯವು ತಗ್ಗಲಿಲ್ಲ, ಇಮ್ಮಡಿಯಾಯಿತು. ಮರುದಿನ ಧ್ವನಿಯನ್ನು ಅಡಗಿಸಿ ಅದೇ ದೃಶ್ಯವನ್ನು ನೋಡಿದೆನು, ಎದೆ ನಡುಗಲಿಲ್ಲ. ಹಾಗಾದರೆ ನನ್ನನ್ನು ಹೆದರಿಸಿದ್ದು ಕತ್ತಿಯಲ್ಲ, ಪಿಟೀಲು! ಆ ಸಂಗೀತವನ್ನು ರಚಿಸಿದವನ ಬಾಳನ್ನು ಅರಿಯಬೇಕೆಂಬ ಆಸೆ ಹುಟ್ಟಿದ್ದು ಆಗಲೇ.

ಬರ್ನಾರ್ಡ್ ಹರ್ಮನ್ನನು 1911ರ ಜೂನ್ 29ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಅಭ್ಯಾಸ ಮಾಡಿ, 1934ರಲ್ಲಿ ಸಿ.ಬಿ.ಎಸ್. ರೇಡಿಯೊ ಸಂಸ್ಥೆಯನ್ನು ಸೇರಿದನು. ಅಲ್ಲಿ ಆರ್ಸನ್ ವೆಲ್ಸನ ನಾಟಕಗಳಿಗೆ ಸಂಗೀತವನ್ನು ಒದಗಿಸಿದನು. ವೆಲ್ಸನು ‘ಸಿಟಿಜನ್ ಕೇನ್’ ಚಿತ್ರವನ್ನು ತೆಗೆದಾಗ ಹರ್ಮನ್ನನೂ ಜೊತೆಗೆ ಹೋದನು. ಆ ಚಿತ್ರ 1941ರಲ್ಲಿ ತೆರೆಕಂಡಿತು. ಅದೇ ವರ್ಷದ ಇನ್ನೊಂದು ಚಿತ್ರದ ಸಂಗೀತಕ್ಕಾಗಿ ಅವನಿಗೆ ಆಸ್ಕರ್ ಪ್ರಶಸ್ತಿಯೂ ದೊರೆಯಿತು. ಆಗ ಹಾಲಿವುಡ್ಡಿನಲ್ಲಿ ಒಬ್ಬನು ರಾಗವನ್ನು ಬರೆದರೆ ಅದನ್ನು ವಾದ್ಯಗಳಿಗೆ ಹಂಚಿಕೊಡುವವನು ಬೇರೊಬ್ಬನಾಗಿರುತ್ತಿದ್ದನು. ಹರ್ಮನ್ನನು ಈ ಪದ್ಧತಿಯನ್ನು ಒಪ್ಪಲಿಲ್ಲ. ಪ್ರತಿಯೊಂದು ವಾದ್ಯದ ಸ್ವರವನ್ನೂ ತಾನೇ ಬರೆಯುತ್ತಿದ್ದನು.

1955ರಿಂದ ನಿರ್ದೇಶಕ ಹಿಚ್‌ಕಾಕನೊಡನೆ ಅವನ ಸ್ನೇಹ ಫಲಿಸಿತು. 1960ರ ‘ಸೈಕೋ’ ಚಿತ್ರದಲ್ಲಿ ಕೊಲೆಯ ದೃಶ್ಯಕ್ಕೆ ಸಂಗೀತ ಬೇಡವೆಂಬುದು ಹಿಚ್‌ಕಾಕನ ಅಭಿಪ್ರಾಯವಾಗಿತ್ತು. ಹರ್ಮನ್ನನು ಕಹಳೆ, ಕೊಳಲು, ಮದ್ದಳೆ ಜಾತಿಯ ವಾದ್ಯಗಳನ್ನೆಲ್ಲ ಬಿಟ್ಟು ತಂತಿವಾದ್ಯಗಳಿಂದಲೇ ಇಡೀ ಚಿತ್ರದ ಸಂಗೀತವನ್ನು ಕಟ್ಟಿದನು. ಬೇಡವೆಂದ ದೃಶ್ಯಕ್ಕೂ ಬರೆದನು. ಅದನ್ನು ಕೇಳಿದ ಮೇಲೆ ನಿರ್ದೇಶಕನು ತನ್ನ ಮಾತನ್ನು ಹಿಂದೆಗೆದುಕೊಂಡನು.

ಆದರೆ 1966ರಲ್ಲಿ ಇದೇ ಸ್ವಾತಂತ್ರ್ಯವು ಮುಳುವಾಯಿತು. ‘ಟೋರ್ನ್ ಕರ್ಟನ್’ ಚಿತ್ರಕ್ಕೆ ಅಂದಿನ ಜನಪ್ರಿಯ ಧಾಟಿಯ ಸಂಗೀತ ಬೇಕಾಗಿತ್ತು. ಹರ್ಮನ್ನನು ಪಿಟೀಲುಗಳನ್ನು ದೂರವಿಟ್ಟು ಹದಿನಾರು ಹಾರ್ನ್, ಹನ್ನೆರಡು ಕೊಳಲುಗಳ ವಿಲಕ್ಷಣ ಮೇಳವನ್ನು ಕೂಡಿಸಿದನು. ಹಿಚ್‌ಕಾಕನು ಧ್ವನಿಮುದ್ರಣವನ್ನು ನಡುವೆಯೇ ನಿಲ್ಲಿಸಿ, ಆ ಕೆಲಸವನ್ನು ಬೇರೊಬ್ಬನಿಗೆ ಒಪ್ಪಿಸಿದನು. ಹನ್ನೊಂದು ವರ್ಷಗಳ ಸಹಯೋಗ ಅಲ್ಲಿಗೆ ಮುಗಿಯಿತು. ಹರ್ಮನ್ನನು ಕೊನೆಗೆ ಇಂಗ್ಲೆಂಡಿನಲ್ಲಿ ನೆಲಸಿದನು. ವರ್ಷಗಟ್ಟಲೆ ದುಡಿದು ರಚಿಸಿದ ‘ವದರಿಂಗ್ ಹೈಟ್ಸ್’ ಸಂಗೀತ ನಾಟಕವನ್ನು ರಂಗದ ಮೇಲೆ ಕಾಣುವ ಭಾಗ್ಯ ಅವನಿಗಿರಲಿಲ್ಲ. ಅದು ರಂಗವೇರಿದ್ದು 1982ರಲ್ಲಿ. 1975ರ ಡಿಸೆಂಬರ್ 23ರಂದು ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಧ್ವನಿಮುದ್ರಣವನ್ನು ಮುಗಿಸಿ ಮಲಗಿದವನು ಮತ್ತೆ ಏಳಲಿಲ್ಲ.

ಅವನು ಹೋದರೂ ಅವನ ಸ್ವರಗಳು ಉಳಿದವು. 1962ರ ‘ಕೇಪ್ ಫಿಯರ್’ ಚಿತ್ರವನ್ನು 1991ರಲ್ಲಿ ಮತ್ತೆ ತೆಗೆದಾಗ ಎಲ್ಮರ್ ಬರ್ನ್‌ಸ್ಟೈನನು ಹರ್ಮನ್ನನ ಹಳೆಯ ಸಂಗೀತವನ್ನೇ ಹೊಂದಿಸಿದನು. ಹಿಚ್‌ಕಾಕನು ತಳ್ಳಿಹಾಕಿದ ಸಂಗೀತದ ಕೆಲವು ಭಾಗಗಳನ್ನೂ ಅದರಲ್ಲಿ ಸೇರಿಸಿದನು. ಇಪ್ಪತ್ತೈದು ವರ್ಷಗಳ ಅನಂತರ ಆ ಸ್ವರಗಳಿಗೆ ತೆರೆಯ ಯೋಗ ಬಂದಿತು! 1968ರ ಒಂದು ಚಿತ್ರದ ಸಿಳ್ಳಿನ ರಾಗವು 2003ರಲ್ಲಿ ‘ಕಿಲ್ ಬಿಲ್’ ಚಿತ್ರದಲ್ಲಿ ಕೇಳಿಬಂದಿತು.

ನನ್ನ ಸಹಪಾಠಿಯೊಬ್ಬನು ಇದನ್ನು ಕಳವು ಎನ್ನುತ್ತಾನೆ. 2011ರ ‘ದಿ ಆರ್ಟಿಸ್ಟ್’ ಚಿತ್ರದಲ್ಲಿ ‘ವರ್ಟಿಗೊ’ದ ಪ್ರೇಮಸಂಗೀತವನ್ನು ಬಳಸಿದಾಗ, ಆ ಮೂಲ ಚಿತ್ರದ ನಾಯಕಿ ಕಿಮ್ ನೊವಾಕಳೂ ಬಹಿರಂಗವಾಗಿ ಪ್ರತಿಭಟಿಸಿದ್ದಳು. ಮೊದಲು ನಾನೂ ಗೆಳೆಯನ ಪಕ್ಷವನ್ನೇ ಹಿಡಿದಿದ್ದೆನು. ಆದರೆ ‘ವರ್ಟಿಗೊ’ದ ಆ ಸಂಗೀತದಲ್ಲಿಯೇ ಜರ್ಮನಿಯ ವಾಗ್ನರನ ಛಾಯೆಯಿದೆ. ‘ಸೈಕೋ’ಗಾಗಿ ಹರ್ಮನ್ನನು 1936ರ ತನ್ನದೇ ಕೃತಿಯೊಂದರಿಂದ ಸ್ವರಗಳನ್ನು ಎತ್ತಿಕೊಂಡಿದ್ದನು, ಅದರಲ್ಲಿನ ಮೂರು ಸ್ವರಗಳು ‘ಟ್ಯಾಕ್ಸಿ ಡ್ರೈವರ್’ನ ಕೊನೆಯಲ್ಲಿ ಮತ್ತೆ ಮೊಳಗುತ್ತವೆ. ದೀಪದಿಂದ ದೀಪವನ್ನು ಹಚ್ಚುವುದು ಕಳವಲ್ಲ. ಮೊದಲ ದೀಪವನ್ನು ಹಚ್ಚಿದವನ ಹೆಸರನ್ನು ಮರೆಯುವುದು ಮಾತ್ರ ತಪ್ಪು.

ಇಂದು ಸ್ನೇಹಿತರು ತಮಾಷೆಗೆಂದು ಒಬ್ಬರನ್ನೊಬ್ಬರು ಹೆದರಿಸುವಾಗ ಆ ಪಿಟೀಲಿನ ಕಿರುಚನ್ನು ಬಾಯಲ್ಲಿಯೇ ಅನುಕರಿಸುವುದನ್ನು ಕಾಣುತ್ತೇನೆ. ಅದು ಯಾರದೆಂದು ಅವರಿಗೆ ತಿಳಿಯದು. ಆ ಹೆಸರನ್ನು ಒಂದು ಬಾರಿ ನೆನೆಯಲೆಂದೇ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ.