ಜೇಮ್ಸ್ ಮ್ಯಾಡಿಸನ್

ಪ್ರಜೆಗಳ ರಕ್ಷಣೆಗೆಂದು ಸರ್ಕಾರವೊಂದು ಬೇಕು. ಆದರೆ ಆ ಸರ್ಕಾರವೇ ಪ್ರಜೆಗಳ ಮೇಲೆ ಕೈಮಾಡಿದರೆ ಅವರನ್ನು ರಕ್ಷಿಸುವವರು ಯಾರು? ಬೇಲಿಯೇ ಎದ್ದು ಹೊಲ ಮೇಯುವ ಮಾತು ನಮ್ಮ ಹಳ್ಳಿಗಳಲ್ಲಿ ಬಹು ಹಳೆಯದು. ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಈ ಪ್ರಶ್ನೆಯನ್ನೇ ತನ್ನ ಜೀವಮಾನದ ಚಿಂತೆಯನ್ನಾಗಿ ಮಾಡಿಕೊಂಡವನು ಜೇಮ್ಸ್ ಮ್ಯಾಡಿಸನ್.

ಮ್ಯಾಡಿಸನ್ 1751ನೆಯ ಇಸವಿ ಮಾರ್ಚ್ 16ರಂದು ವರ್ಜೀನಿಯದಲ್ಲಿ ಜನಿಸಿದನು. ಆಗ ಅದು ಇಂಗ್ಲೆಂಡಿನ ದೊರೆಗೆ ಅಧೀನವಾಗಿದ್ದ ವಸಾಹತು. ತಂದೆಗೆ ಮಾಂಟ್‌ಪೀಲಿಯರ್ ಎಂಬ ದೊಡ್ಡ ಜಮೀನಿತ್ತು. ಅಲ್ಲಿ ಬೆಳೆಯುತ್ತಿದ್ದುದು ಹೊಗೆಸೊಪ್ಪು. ಬೆಳೆಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳಿ ಬರಬೇಕಾಗುತ್ತದೆ. ಹನ್ನೆರಡು ಮಕ್ಕಳಲ್ಲಿ ಹಿರಿಯನಾದ ಮ್ಯಾಡಿಸನ್ ಹುಟ್ಟಿನಿಂದಲೇ ಕೃಶಕಾಯ. ಪ್ರಾಯಕ್ಕೆ ಬಂದ ಮೇಲೂ ಅವನ ಎತ್ತರ ಐದಡಿ ನಾಲ್ಕಂಗುಲವನ್ನು ದಾಟಲಿಲ್ಲ. ಆಗಾಗ ಕಾಡುವ ಕಾಯಿಲೆ ಬೇರೆ. ಧ್ವನಿಯಂತೂ ಎಷ್ಟು ಕ್ಷೀಣವೆಂದರೆ, ಸಭೆಗಳಲ್ಲಿ ಅವನ ಮಾತನ್ನು ಬರೆದುಕೊಳ್ಳುವವರಿಗೇ ಕೆಲವೊಮ್ಮೆ ಅದು ಕೇಳಿಸುತ್ತಿರಲಿಲ್ಲ. ರಾಜಕಾರಣಕ್ಕೆ ಬೇಕಾದ ಬಾಹ್ಯ ಸಂಪತ್ತು ಯಾವುದೂ ಅವನಲ್ಲಿರಲಿಲ್ಲವೆಂದೇ ಹೇಳಬೇಕು. ಇದ್ದದ್ದು ಅಗಾಧವಾದ ಅಧ್ಯಯನ. ಪ್ರಿನ್ಸ್‌ಟನ್ನಿನ ಕಾಲೇಜಿನ ಪದವಿಯನ್ನು ಎರಡೇ ವರ್ಷಗಳಲ್ಲಿ, 1771ರಲ್ಲಿ, ಮುಗಿಸಿ, ಇನ್ನೂ ಕೆಲವು ಕಾಲ ಅಲ್ಲಿಯೇ ನಿಂತು ಹೀಬ್ರೂ ಭಾಷೆಯನ್ನು ಕಲಿತನು.

ಊರಿಗೆ ಮರಳಿದ ಯುವಕನ ಕಣ್ಣಿಗೆ ಬಿದ್ದದ್ದು ಒಂದು ಅನ್ಯಾಯ. ವರ್ಜೀನಿಯದಲ್ಲಿ ಇಂಗ್ಲೆಂಡಿನ ಚರ್ಚೇ ಸರ್ಕಾರಿ ಚರ್ಚು. ಅಪ್ಪಣೆ ಪಡೆಯದೆ ಧರ್ಮಬೋಧನೆ ಮಾಡಿದರೆಂಬ ಕಾರಣಕ್ಕೆ ಬ್ಯಾಪ್ಟಿಸ್ಟ್ ಪಂಥದ ಬೋಧಕರನ್ನು ನೆರೆಯ ಜಿಲ್ಲೆಯಲ್ಲಿ ಸೆರೆಮನೆಗೆ ತಳ್ಳಿದ್ದರು. ಮ್ಯಾಡಿಸನ್ ಆ ಪಂಥದವನಲ್ಲ. ಆದರೂ 1774ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಅವನ ಕೋಪ ಉಕ್ಕಿ ಹರಿದಿದೆ.

ಎರಡು ವರ್ಷಗಳ ಅನಂತರ ವಸಾಹತುಗಳು ಇಂಗ್ಲೆಂಡಿನ ಸಂಬಂಧವನ್ನು ಕಡಿದುಕೊಂಡವು. ವರ್ಜೀನಿಯದ ಸಭೆಯು ಹಕ್ಕುಗಳ ಘೋಷಣೆಯೊಂದನ್ನು ಸಿದ್ಧಪಡಿಸತೊಡಗಿತು. ಅದರ ಕರಡನ್ನು ಬರೆದವನು ಜಾರ್ಜ್ ಮೇಸನ್ ಎಂಬ ಹಿರಿಯ. ಅನ್ಯಮತಗಳನ್ನು ಸಹಿಸಿಕೊಳ್ಳಬೇಕೆಂದು ಅದರಲ್ಲಿತ್ತು. ಇಪ್ಪತ್ತೈದರ ಮ್ಯಾಡಿಸನ್ನನಿಗೆ ಸಹನೆ ಎಂಬ ಆ ಒಂದು ಪದ ಹಿಡಿಸಲಿಲ್ಲ. ಸಹಿಸುವವನು ಮೇಲೆ ಕುಳಿತಿರುತ್ತಾನೆ, ಸಹಿಸಲ್ಪಡುವವನು ಕೆಳಗೆ ನಿಂತಿರುತ್ತಾನೆ. ಇಂದು ದಯೆಯಿಂದ ಕೊಟ್ಟದ್ದನ್ನು ನಾಳೆ ಕಿತ್ತುಕೊಳ್ಳಬಹುದು. ಆದುದರಿಂದ ಮತಾಚರಣೆಯು ಪ್ರತಿಯೊಬ್ಬನಿಗೂ ಸಮಾನವಾಗಿ ಸಲ್ಲುವ ಹಕ್ಕು ಎಂದು ಅದನ್ನು ತಿದ್ದಿಸಿದನು. ಒಂದು ಪದದ ಬದಲಾವಣೆ; ಆದರೆ ಭಿಕ್ಷೆಗೂ ಹಕ್ಕಿಗೂ ಇರುವ ಅಂತರ ಅದರಲ್ಲಿ ಅಡಗಿದೆ.

ಮರುವರ್ಷದ ಚುನಾವಣೆಯಲ್ಲಿ ಅವನು ಸೋತನು. ಮತದಾರರಿಗೆ ಮದ್ಯ ಹಂಚುವುದು ಅಲ್ಲಿನ ರೂಢಿ. ಹಂಚುವುದಿಲ್ಲವೆಂದು ಮ್ಯಾಡಿಸನ್ ಹಟ ಹಿಡಿದಿದ್ದನು. ಹಂಚಿದವನು ಗೆದ್ದನು.

ಸ್ವಾತಂತ್ರ್ಯ ಬಂದ ಮೇಲೆ ಹದಿಮೂರು ರಾಜ್ಯಗಳ ಒಕ್ಕೂಟ ಹೆಸರಿಗೆ ಮಾತ್ರ ಇತ್ತು. ಅದಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ, ಸಾಲ ತೀರಿಸುವ ಶಕ್ತಿಯಿಲ್ಲ. ರಾಜ್ಯಗಳು ವ್ಯಾಪಾರದ ವಿಷಯದಲ್ಲಿ ಪರಸ್ಪರ ಕಚ್ಚಾಡುತ್ತಿದ್ದವು. ಬಲವಾದ ಕೇಂದ್ರ ಸರ್ಕಾರವೊಂದು ಅಗತ್ಯವೆಂದು ಮ್ಯಾಡಿಸನ್ನನಿಗೆ ದೃಢವಾಯಿತು. ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಅವನ ಗೆಳೆಯ ಥಾಮಸ್ ಜೆಫರ್ಸನ್ ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ಕಳುಹಿಸಿಕೊಟ್ಟನು. ಗ್ರೀಸಿನ ಪುರಾತನ ಒಕ್ಕೂಟಗಳಿಂದ ಹಿಡಿದು ಹಾಲೆಂಡಿನವರೆಗೆ, ಯಾವ ಗಣರಾಜ್ಯ ಏಕೆ ಮುರಿದುಬಿದ್ದಿತೆಂಬುದನ್ನು ಓದಿ ಟಿಪ್ಪಣಿ ಮಾಡಿಕೊಂಡೇ ಅವನು 1787ರಲ್ಲಿ ಫಿಲಡೆಲ್ಫಿಯದ ಸಂವಿಧಾನ ಸಭೆಗೆ ಹೋದದ್ದು. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿದ್ದ ಆ ಸಭೆ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಮುಚ್ಚಿದ ಬಾಗಿಲುಗಳ ಹಿಂದೆ ನಡೆಯಿತು. ಮ್ಯಾಡಿಸನ್ ಮುಂದಿನ ಸಾಲಿನಲ್ಲಿ ಕುಳಿತು ಪ್ರತಿದಿನದ ಚರ್ಚೆಯನ್ನು ಬರೆದುಕೊಂಡನು. ಚರ್ಚೆಯಲ್ಲಿ ಭಾಗವಹಿಸುತ್ತಲೇ ಅದನ್ನು ದಾಖಲು ಮಾಡುವುದು ಎಂತಹ ಶ್ರಮದ ಕೆಲಸವೆಂಬುದನ್ನು, ತರಗತಿಯಲ್ಲಿ ಪಾಠ ಕೇಳುತ್ತ ಬರೆದುಕೊಳ್ಳುವ ವಿದ್ಯಾರ್ಥಿಗಳು ಊಹಿಸಬಲ್ಲರು.

ಆ ಸಂವಿಧಾನದ ಮೂಲತತ್ತ್ವ ಸರಳವಾದುದು. ಮನುಷ್ಯರು ದೇವತೆಗಳಲ್ಲ, ಅಧಿಕಾರ ಹಿಡಿದವರು ಕೂಡ ಅಲ್ಲ. ಆದ್ದರಿಂದ ಅವರ ಒಳ್ಳೆಯತನವನ್ನು ನಂಬಿ ಕುಳಿತುಕೊಳ್ಳಲಾಗದು. ಕಾನೂನು ಮಾಡುವವರು ಒಬ್ಬರು, ಅದನ್ನು ನಡೆಸುವವರು ಮತ್ತೊಬ್ಬರು, ನ್ಯಾಯ ಹೇಳುವವರು ಇನ್ನೊಬ್ಬರು. ಒಬ್ಬರ ಅಧಿಕಾರಕ್ಕೆ ಮತ್ತೊಬ್ಬರ ಅಧಿಕಾರವೇ ಕಡಿವಾಣ.

ಆದರೆ ಅದರಲ್ಲಿ ಪ್ರಜೆಗಳ ಹಕ್ಕುಗಳ ಪಟ್ಟಿ ಇರಲಿಲ್ಲ. ಸಭೆಯ ಕೊನೆಯ ದಿನಗಳಲ್ಲಿ ಮೇಸನ್ ಅದನ್ನು ಕೇಳಿದಾಗ ಎಲ್ಲ ರಾಜ್ಯಗಳೂ ತಿರಸ್ಕರಿಸಿದವು. ಮೇಸನ್ ಸಹಿ ಹಾಕದೆ ಎದ್ದುಹೋದನು. ಆಶ್ಚರ್ಯದ ಸಂಗತಿಯೆಂದರೆ, ಆಗ ಮ್ಯಾಡಿಸನ್ ಕೂಡ ಅಂತಹ ಪಟ್ಟಿ ಬೇಡವೆನ್ನುವವರ ಪಕ್ಷದಲ್ಲೇ ಇದ್ದನು. ಅವನ ಕಾರಣಗಳು ಹಗುರವಾದವಲ್ಲ. ಕೆಲವು ಹಕ್ಕುಗಳನ್ನು ಬರೆದಿಟ್ಟರೆ, ಬರೆಯದೆ ಉಳಿದವು ಪ್ರಜೆಗಳಿಗೆ ಇಲ್ಲವೆಂದು ಯಾರಾದರೂ ವಾದಿಸಬಹುದು. ಅಲ್ಲದೆ ಕಾಗದದ ಬೇಲಿಯನ್ನು ಯಾವ ದನ ತಾನೆ ಲೆಕ್ಕಿಸುತ್ತದೆ? ವರ್ಜೀನಿಯದಲ್ಲಿ ಘೋಷಣೆ ಇದ್ದರೂ, ಬಹುಸಂಖ್ಯಾತರಿಗೆ ಬೇಡವಾದಾಗಲೆಲ್ಲ ಅದು ಮೂಲೆ ಸೇರಿದ್ದನ್ನು ಅವನು ಕಣ್ಣಾರೆ ಕಂಡಿದ್ದನು. ದೊರೆಯೊಬ್ಬನೇ ಅಲ್ಲ, ಬಹುಮತವೂ ದಬ್ಬಾಳಿಕೆ ನಡೆಸಬಲ್ಲುದೆಂಬುದು ಅವನ ಮುಖ್ಯವಾದ ಭಯ.

ಅವನ ಮನಸ್ಸು ತಿರುಗಿದ್ದು ಹೇಗೆ? ಜೆಫರ್ಸನ್ ಪ್ಯಾರಿಸ್ಸಿನಿಂದ ಬಿಡದೆ ಬರೆಯುತ್ತಿದ್ದನು: ಪಟ್ಟಿಯೊಂದಿದ್ದರೆ ಅದು ನ್ಯಾಯಾಲಯಗಳ ಕೈಗೆ ಆಯುಧವಾಗುತ್ತದೆ ಎಂಬುದು ಅವನ ವಾದ. ವರ್ಜೀನಿಯವು ಸಂವಿಧಾನವನ್ನು ಒಪ್ಪಿದ್ದು ಎಂಬತ್ತೊಂಬತ್ತಕ್ಕೆ ಎಪ್ಪತ್ತೊಂಬತ್ತು ಮತಗಳಿಂದ ಮಾತ್ರ. ಸಿಂಹಕಂಠದ ವಾಗ್ಮಿ ಪ್ಯಾಟ್ರಿಕ್ ಹೆನ್ರಿ ಎದುರು ನಿಂತಿದ್ದನು. ಮ್ಯಾಡಿಸನ್ ಟೋಪಿಯಲ್ಲಿ ಟಿಪ್ಪಣಿಗಳನ್ನಿಟ್ಟುಕೊಂಡು ಮೆಲುದನಿಯಲ್ಲಿ ಉತ್ತರ ಕೊಟ್ಟಿದ್ದನು. ಹೆನ್ರಿ ಆ ಸೋಲನ್ನು ಮರೆಯಲಿಲ್ಲ. ಮ್ಯಾಡಿಸನ್ನನಿಗೆ ಸೆನೆಟ್ ಸ್ಥಾನ ಸಿಗದಂತೆ ಮಾಡಿದನು. ಪ್ರತಿನಿಧಿ ಸಭೆಯ ಚುನಾವಣೆಯಲ್ಲಿ ಅವನಿಗೆ ಎದುರಾಳಿಯಾದವನು ಗೆಳೆಯನೇ ಆದ ಜೇಮ್ಸ್ ಮನ್ರೋ. ಕಡುಚಳಿಗಾಲದಲ್ಲಿ ಇಬ್ಬರೂ ಹಳ್ಳಿಹಳ್ಳಿ ಸುತ್ತಿ, ಹಿಮದಲ್ಲಿ ನಿಂತ ಜನರೆದುರು ವಾದಿಸಿದರು. ಒಂದು ರಾತ್ರಿ ಕುದುರೆಯ ಮೇಲೆ ಹಿಂದಿರುಗುವಾಗ ಚಳಿಗೆ ಮ್ಯಾಡಿಸನ್ನನ ಮೂಗು ಹೆಪ್ಪುಗಟ್ಟಿ ಗಾಯವಾಯಿತು. ಆ ಕಲೆ ಕೊನೆಯವರೆಗೂ ಉಳಿಯಿತು. ಹಿಂದೆ ಸೆರೆಮನೆ ಕಂಡ ಬ್ಯಾಪ್ಟಿಸ್ಟರು ಇದೇ ಪ್ರದೇಶದ ಮತದಾರರು. ಹಕ್ಕುಗಳನ್ನು ಸಂವಿಧಾನದಲ್ಲಿ ಸೇರಿಸುವುದಾಗಿ ಅವನು ಅವರಿಗೆ ಮಾತು ಕೊಟ್ಟನು. 336 ಮತಗಳ ಅಂತರದಲ್ಲಿ ಗೆದ್ದನು.

ಚುನಾವಣೆಯಲ್ಲಿ ಕೊಟ್ಟ ಮಾತು ಗೆದ್ದಮೇಲೆ ಮರೆತುಹೋಗುವುದು ಎಲ್ಲ ದೇಶಗಳಲ್ಲೂ ಉಂಟು. ಮ್ಯಾಡಿಸನ್ ಮರೆಯಲಿಲ್ಲ. 1789ರ ಜೂನ್ 8ರಂದು ನ್ಯೂಯಾರ್ಕಿನಲ್ಲಿ ಸೇರಿದ್ದ ಸಭೆಯೆದುರು ತನ್ನ ಪ್ರಸ್ತಾವನೆಗಳನ್ನಿಟ್ಟನು. ಸುಂಕದ ಕಾಯಿದೆಯಾಗಬೇಕು, ನ್ಯಾಯಾಲಯಗಳಾಗಬೇಕು, ಇದಕ್ಕೆಲ್ಲ ಈಗ ಸಮಯವಿಲ್ಲವೆಂದು ಸದಸ್ಯರು ಗೊಣಗಿದರು. ಅವನು ಪಟ್ಟು ಬಿಡಲಿಲ್ಲ. ಪ್ರತಿನಿಧಿ ಸಭೆ ಹದಿನೇಳು ತಿದ್ದುಪಡಿಗಳನ್ನು ಒಪ್ಪಿತು. ಸೆನೆಟ್ ಅವನ್ನು ಹನ್ನೆರಡಕ್ಕೆ ಇಳಿಸಿತು. ರಾಜ್ಯಗಳು ಹತ್ತನ್ನು ಅನುಮೋದಿಸಿದವು. 1791ರ ಡಿಸೆಂಬರ್ 15ರಂದು ಜಾರಿಗೆ ಬಂದ ಆ ಹತ್ತು ತಿದ್ದುಪಡಿಗಳೇ ಪ್ರಸಿದ್ಧವಾದ ಹಕ್ಕುಗಳ ಸನ್ನದು. ಅದರಂತೆ ಸರ್ಕಾರವು ಯಾವ ಮತವನ್ನೂ ರಾಷ್ಟ್ರಮತವನ್ನಾಗಿ ಮಾಡುವಂತಿಲ್ಲ. ವಾಕ್‌ಸ್ವಾತಂತ್ರ್ಯವನ್ನೂ ಪತ್ರಿಕಾಸ್ವಾತಂತ್ರ್ಯವನ್ನೂ ಮೊಟಕುಗೊಳಿಸುವಂತಿಲ್ಲ. ಸಕಾರಣವಿಲ್ಲದೆ ಪ್ರಜೆಯ ಮನೆಯನ್ನು ಶೋಧಿಸುವಂತಿಲ್ಲ. ಆರೋಪಿಯನ್ನು ಅವನಿಗೇ ವಿರುದ್ಧವಾಗಿ ಸಾಕ್ಷಿ ನುಡಿಯುವಂತೆ ಬಲಾತ್ಕರಿಸುವಂತಿಲ್ಲ. ಪಟ್ಟಿಯಲ್ಲಿಲ್ಲದ ಹಕ್ಕುಗಳೂ ಪ್ರಜೆಗಳವೇ ಎಂದು ಒಂಬತ್ತನೆಯ ತಿದ್ದುಪಡಿ ಸಾರಿತು. ಮ್ಯಾಡಿಸನ್ ತನ್ನ ಹಳೆಯ ಆಕ್ಷೇಪಕ್ಕೆ ತಾನೇ ಕೊಟ್ಟುಕೊಂಡ ಉತ್ತರವಿದು. ರಾಜ್ಯ ಸರ್ಕಾರಗಳೂ ಮನಸ್ಸಾಕ್ಷಿಯ ಹಕ್ಕನ್ನು ಮುರಿಯಬಾರದೆಂಬ ಅವನ ಮತ್ತೊಂದು ಪ್ರಸ್ತಾವನೆಯನ್ನು ಸೆನೆಟ್ ತಳ್ಳಿಹಾಕಿತು. ಅವನಿಗೆ ಎಲ್ಲಕ್ಕಿಂತ ಅಮೂಲ್ಯವೆನಿಸಿದ್ದು ಅದೇ. 1868ರ ಹದಿನಾಲ್ಕನೆಯ ತಿದ್ದುಪಡಿ ಬಂದು, ಅದರ ಬಲದಿಂದ ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳು ತೀರ್ಪು ಕೊಡುವವರೆಗೆ ಆ ಕೊರತೆ ತುಂಬಲಿಲ್ಲ.

ಕಾನೂನಿನ ಯುಕ್ತ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಹರಣಮಾಡಕೂಡದೆಂಬ ಮಾತು ಐದನೆಯ ತಿದ್ದುಪಡಿಯಲ್ಲಿದೆ. ಈ ಮಾತಿಗೂ ನಮ್ಮ ನಾಡಿನವರೊಬ್ಬರಿಗೂ ಸಂಬಂಧವುಂಟು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಈ ಮಾತು ನ್ಯಾಯಾಧೀಶರ ಮೇಲೆ ಅತಿಯಾದ ಹೊರೆ ಹೊರಿಸುತ್ತದೆ ಎಂದು ಅವರು ರಾಯರಿಗೆ ಹೇಳಿದರು. ಅಂತೂ ನಮ್ಮ ಸಂವಿಧಾನದ 21ನೆಯ ವಿಧಿಯಲ್ಲಿ, ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ ಎಂಬ ಬೇರೆ ಮಾತು ಬಂದಿತು. ಆ ಪ್ರಕ್ರಿಯೆ ನ್ಯಾಯಸಮ್ಮತವೂ ಆಗಿರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ತೀರ್ಪು ಕೊಟ್ಟಿತು.

ಕಾಗದದ ಬೇಲಿಗೆ ಪರೀಕ್ಷೆ ಬೇಗನೆ ಬಂದಿತು. 1798ರಲ್ಲಿ ಜಾನ್ ಆಡಮ್ಸ್‌ನ ಸರ್ಕಾರ ರಾಜದ್ರೋಹದ ಕಾಯಿದೆಯೊಂದನ್ನು ತಂದು, ತನ್ನನ್ನು ಕಟುವಾಗಿ ಟೀಕಿಸಿದವರನ್ನು ಸೆರೆಗೆ ಹಾಕತೊಡಗಿತು. ಮ್ಯಾಡಿಸನ್ ಅದರ ವಿರುದ್ಧ ವರ್ಜೀನಿಯದ ನಿರ್ಣಯವನ್ನು ಬರೆದನು. ಅಧಿಕಾರಿಗಳನ್ನು ಆರಿಸುವ ಜನರಿಗೆ ಅವರ ತಪ್ಪುಗಳನ್ನು ಎತ್ತಿ ಆಡುವ ಹಕ್ಕಿಲ್ಲದಿದ್ದರೆ ಆ ಚುನಾವಣೆಗೆ ಅರ್ಥವೇನೆಂಬುದು ಅವನ ತರ್ಕ. 1801ರಲ್ಲಿ ಕಾಯಿದೆಯ ಅವಧಿ ಮುಗಿಯಿತು. ಅದನ್ನು ಮುಂದುವರಿಸಲಿಲ್ಲ. ಎರಡು ವರ್ಷಗಳ ಬಳಿಕ ಸ್ವತಃ ಮ್ಯಾಡಿಸನ್ನನೇ ಪ್ರತಿವಾದಿಯಾಗಿದ್ದ ಮಾರ್ಬರಿ ಮೊಕದ್ದಮೆಯಲ್ಲಿ, ಸಂವಿಧಾನಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು.

1809ರಲ್ಲಿ ಮ್ಯಾಡಿಸನ್ ರಾಷ್ಟ್ರಾಧ್ಯಕ್ಷನಾದನು. 1812ರಲ್ಲಿ ಇಂಗ್ಲೆಂಡಿನೊಡನೆ ಯುದ್ಧ ತೊಡಗಿತು. ದೇಶ ಅದಕ್ಕೆ ಸಿದ್ಧವಾಗಿರಲಿಲ್ಲ. 1814ರ ಆಗಸ್ಟ್ 24ರಂದು ಶತ್ರುಸೈನ್ಯ ರಾಜಧಾನಿಯನ್ನು ಹೊಕ್ಕು ಅಧ್ಯಕ್ಷಭವನವನ್ನೇ ಸುಟ್ಟಿತು. ಈಶಾನ್ಯದ ರಾಜ್ಯಗಳಲ್ಲಿ ಪತ್ರಿಕೆಗಳೂ ಪ್ರಮುಖರೂ ಅವನನ್ನು ಬಾಯಿಗೆ ಬಂದಂತೆ ನಿಂದಿಸುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಹೊಸದೊಂದು ರಾಜದ್ರೋಹದ ಕಾಯಿದೆಯನ್ನು ಅವನು ತರಲಿಲ್ಲ. ಸೇನಾನಿಯಾಗಿ ಅವನು ಗಳಿಸಿದ ಕೀರ್ತಿ ಅಲ್ಪ. ಆದರೆ ಕೈಯಲ್ಲಿ ಅಧಿಕಾರವಿದ್ದಾಗ ಅದನ್ನು ತಡೆದು ನಿಲ್ಲಿಸಿದ ಈ ಸಂಯಮ, ನನ್ನ ಮಟ್ಟಿಗೆ, ಯುದ್ಧದ ಗೆಲುವಿಗಿಂತ ದೊಡ್ಡದು.

ಇನ್ನು ಆ ಹೊಗೆಸೊಪ್ಪಿನ ಹೊಲಗಳ ಮಾತು. ಗುಲಾಮಗಿರಿ ಪಾಪವೆಂದು ಮ್ಯಾಡಿಸನ್ ಬಲ್ಲನು. 1783ರಲ್ಲಿ ಫಿಲಡೆಲ್ಫಿಯದಲ್ಲಿದ್ದಾಗ, ತನ್ನ ಸೇವಕ ಬಿಲ್ಲಿಯ ಮನಸ್ಸಿಗೆ ಸ್ವಾತಂತ್ರ್ಯದ ಆಸೆ ಹತ್ತಿತೆಂದು ಕಂಡು, ಅವನನ್ನು ಊರಿಗೆ ಕರೆತರಲಿಲ್ಲ. ನಾವೇ ರಕ್ತ ಸುರಿಸಿ ಪಡೆದುದನ್ನು ಅವನು ಬಯಸಿದರೆ ತಪ್ಪೇನೆಂಬ ಅರ್ಥದಲ್ಲಿ ತಂದೆಗೆ ಬರೆದನು. ಆದರೂ ಅವನನ್ನು ಬಿಡುಗಡೆ ಮಾಡದೆ, ಕೆಲವು ವರ್ಷಗಳ ಜೀತಕ್ಕೆ ಮಾರಿದನು. ತನ್ನ ಹಕ್ಕುಗಳ ಸನ್ನದಿನ ನೆರಳು ತನ್ನ ಹೊಲದಲ್ಲಿ ದುಡಿಯುವವರ ಮೇಲೆ ಬೀಳದಿದ್ದುದನ್ನು ಅವನು ಜೀವಮಾನವೆಲ್ಲ ನೋಡುತ್ತ ಉಳಿದನು. ಇದನ್ನು ಕಾಲಧರ್ಮವೆಂದು ತಳ್ಳಿಬಿಡುವುದು ನನಗೆ ಸರಿಕಾಣದು. ಅವನ ಹಿರಿಯ ಮಿತ್ರ ವಾಷಿಂಗ್ಟನ್ ತನ್ನ ಮರಣಶಾಸನದಲ್ಲಿ ತನಗೆ ಸೇರಿದ ಗುಲಾಮರಿಗೆ ಬಿಡುಗಡೆ ಬರೆದಿದ್ದನು. ಮ್ಯಾಡಿಸನ್ ಬರೆದದ್ದು, ಅವರ ಒಪ್ಪಿಗೆಯಿಲ್ಲದೆ ಅವರನ್ನು ಮಾರಬಾರದೆಂಬ ಕೋರಿಕೆಯನ್ನು ಮಾತ್ರ.

1836ರ ಜೂನ್ 28ರ ಬೆಳಿಗ್ಗೆ, ತನ್ನ ಎಂಬತ್ತೈದನೆಯ ವಯಸ್ಸಿನಲ್ಲಿ, ಅವನು ಮಾಂಟ್‌ಪೀಲಿಯರಿನಲ್ಲಿ ತೀರಿಕೊಂಡನು. ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಅವನೇ ಕೊನೆಯವನು. ಫಿಲಡೆಲ್ಫಿಯದಲ್ಲಿ ಬರೆದುಕೊಂಡ ಟಿಪ್ಪಣಿಗಳು ನಾಲ್ಕು ವರ್ಷಗಳ ತರುವಾಯ ಅಚ್ಚಾದವು. ಪತ್ನಿ ಡಾಲಿ ಸಾಲಕ್ಕೆ ಸಿಲುಕಿ ಜಮೀನನ್ನೂ ಗುಲಾಮರನ್ನೂ ಮಾರಿದಳು. ಮ್ಯಾಡಿಸನ್ ಪ್ರಾಣ ಬಿಟ್ಟಾಗ ಕೋಣೆಯಲ್ಲಿದ್ದ ಗುಲಾಮ ಪಾಲ್ ಜೆನ್ನಿಂಗ್ಸ್‌ನೂ ಮಾರಾಟವಾದನು. 1847ರಲ್ಲಿ ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ಅವನನ್ನು ಹಣ ಕೊಟ್ಟು ಬಿಡಿಸಿದನು. ಆ ಹಣವನ್ನು ಜೆನ್ನಿಂಗ್ಸ್ ದುಡಿದು ತೀರಿಸಿದನು. ಮುಂದೆ ಡಾಲಿಯ ಬಡತನವನ್ನು ಕಂಡು, ಆಗಾಗ ತನ್ನ ಜೇಬಿನಿಂದಲೇ ಅವಳ ಕೈಗೆ ಒಂದಿಷ್ಟು ಹಣ ಕೊಟ್ಟು ಬರುತ್ತಿದ್ದನು. ತನ್ನ ಯಜಮಾನನ ನೆನಪುಗಳನ್ನು ಅವನು ಹೇಳಿದ ಸಣ್ಣ ಪುಸ್ತಕ 1865ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಗುಲಾಮಗಿರಿಯನ್ನು ನಿಷೇಧಿಸುವ ಹದಿಮೂರನೆಯ ತಿದ್ದುಪಡಿ ಮ್ಯಾಡಿಸನ್ನನ ಸಂವಿಧಾನಕ್ಕೆ ಸೇರಿತು.